ಮನೆಯ ನೀರಿನ ಲೈನು ಬದಲಿಸುವ ಮೊದಲು

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಮಾಹಿತಿ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ತುಂಬಿದ ಸಂತೋಷದ ಸಂದರ್ಭದಲ್ಲಿ ನಮ್ಮನ್ನು ಕರೆದು ನಾಲ್ಕು ಮಾತು ಹೇಳಿ ಎಂದಿದ್ದೀರಿ. ಸಹಕಾರ ತತ್ತ್ವದ ಬಗ್ಗೆ ಮಾತಾಡುವವರು ವೇದಿಕೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಮಗೆ ಗೊತ್ತಿರುವುದು ಪೈಪು. ಅದೂ ಓದಿ ಕಲಿತದ್ದಲ್ಲ, ಕಳಕೊಂಡು ಕಲಿತದ್ದು. ಹಾಗಾಗಿ ಮನೆಗೆ ನೀರು ಬರುವ ಲೈನು ಹಳತಾದಾಗ ಯಾವ ಪೈಪು ಹಾಕಬೇಕು, ಹೇಗೆ ಹಾಕಬೇಕು ಎಂಬಷ್ಟನ್ನೇ ಹೇಳುತ್ತೇವೆ.

ಕೊಲ್ಲಮೊಗ್ರಿನವರಿಗೆ ನೀರಿನ ಪಾಠ ಯಾಕೆ ಎಂದು ನೀವು ಕೇಳಬಹುದು. ಸರಿಯೇ. ಪುಷ್ಪಗಿರಿಯ ತಪ್ಪಲು, ಮಳೆಗಾಲದಲ್ಲಿ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ, ಗುಡ್ಡೆಗೊಂದು ತೋಡು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಪಂಪು ಇಲ್ಲದೆ, ಕರೆಂಟು ಇಲ್ಲದೆ ಅಬ್ಬಿ ನೀರು ತನ್ನಷ್ಟಕ್ಕೆ ಇಳಿದು ಬರುತ್ತದೆ. ಬಯಲುಸೀಮೆಯವರು ಕಂಡರೆ ಹೊಟ್ಟೆಕಿಚ್ಚು ಪಡುವ ಭಾಗ್ಯ ಇದು. ಆದರೆ ಮೇಲೆ ನೀರು ಎಷ್ಟಿದ್ದರೂ ಮನೆಗೆ ಮುಟ್ಟಿದ್ದಷ್ಟೇ ನಮ್ಮದು. ನಡುವೆ ಇರುವುದು ಪೈಪು.

ನಮ್ಮ ಮನೆಯ ಕಥೆ

ನಮ್ಮ ಅಜ್ಜನ ಕಾಲದಲ್ಲಿ ಪೈಪು ಎಂಬುದೇ ಇರಲಿಲ್ಲ. ಅಡಿಕೆ ಮರವನ್ನು ಸೀಳಿ ತಿರುಳು ತೆಗೆದ ದಂಬೆ. ಒಂದರ ಬಾಯಿಗೆ ಇನ್ನೊಂದು, ಅಡಿಗೆ ಕವೆಗೋಲು. ವರ್ಷಕ್ಕೊಮ್ಮೆ ಕುಂಬಾಗುತ್ತಿತ್ತು, ಬದಲಿಸುತ್ತಿದ್ದರು. ಮರ ತೋಟದ್ದೇ, ಖರ್ಚು ಇಲ್ಲ. 1982ರಲ್ಲಿ ನಮ್ಮ ತಂದೆಯವರು ಸಾಲ ಮಾಡಿ ಒಂದಿಂಚಿನ ಜಿ.ಐ. ಪೈಪು ಹಾಕಿಸಿದರು. ಅಬ್ಬಿಯಿಂದ ಮನೆಗೆ 600 ಮೀಟರ್. ಆ ಕಾಲಕ್ಕೆ ಅದು ದೊಡ್ಡ ಸಂಗತಿ. ನೆರೆಕರೆಯವರು ನೋಡಲು ಬಂದಿದ್ದರಂತೆ.

ಇಪ್ಪತ್ತೈದು ವರ್ಷ ಆಗುವಾಗ ನಳ್ಳಿಯಲ್ಲಿ ನೀರು ಪೆನ್ಸಿಲಿನಷ್ಟು ಸಪೂರ ಆಯಿತು. ಬೆಳಿಗ್ಗೆ ಮೊದಲ ಕೊಡಪಾನ ಕೆಂಪು. ಒಂದು ತುಂಡು ಕತ್ತರಿಸಿ ನೋಡಿದರೆ ಒಳಗೆ ತುಕ್ಕಿನ ಗಂಟು ಗಂಟು, ಕಿರುಬೆರಳು ಹೋಗುವುದಿಲ್ಲ. ಬದಲಿಸದೆ ಉಪಾಯವಿಲ್ಲ.

2009ರ ಎಪ್ರಿಲ್. ಅಂಗಡಿಗೆ ಹೋದೆವು. "ತೋಟಕ್ಕೆಲ್ಲ ಇದನ್ನೇ ಹಾಕುವುದು, ಅಗ್ಗ, ಹಗುರ" ಎಂದು 4 ಕೆ.ಜಿ. ಪಿವಿಸಿ ಕೊಟ್ಟರು. ನಾವೂ ಕ್ರಯ ಕೇಳಿದೆವೇ ಹೊರತು ಆ 4 ಕೆ.ಜಿ. ಎಂದರೆ ಎಂತ ಎಂದು ಕೇಳಲಿಲ್ಲ. ತಪ್ಪು ಅಂಗಡಿಯವರದ್ದು ಮಾತ್ರ ಅಲ್ಲ. ಪೈಪು ಹಾಕಿದೆವು, ನೀರು ಕೈಗಾತ್ರ ಬಂತು. ಎರಡು ತಿಂಗಳು ನಮ್ಮಷ್ಟು ಬುದ್ಧಿವಂತರಿಲ್ಲ ಎಂದು ತಿರುಗಿದೆವು.

ಜೂನ್ ಕೊನೆಗೆ ಮನೆಗೆ ಬಾಣಂತಿ ಬಂದಳು. ಮಗು ಹುಟ್ಟಿ ಹನ್ನೆರಡು ದಿನ. ರಾತ್ರಿ ತೊಟ್ಟಿ ಉಕ್ಕಿ ಅಂಗಳವೆಲ್ಲ ಕೆಸರಾಗುತ್ತದೆಂದು ಮನೆಯವರೊಬ್ಬರು ಕೆಳಗಿನ ಗೇಟ್‌ವಾಲ್ವು ತಿರುಗಿಸಿ ಪೂರ್ತಿ ಬಂದ್ ಮಾಡಿದರು. ಮಧ್ಯರಾತ್ರಿ ಗರ್ನಾಲು ಒಡೆದ ಹಾಗೆ ಶಬ್ದ. ಬೆಳಿಗ್ಗೆ ನೋಡಿದರೆ ಒಂದಲ್ಲ, ನಾಲ್ಕು ಕಡೆ ಪೈಪು ಉದ್ದಕ್ಕೆ ಸೀಳಿದೆ. ಸುರಿಯುವ ಮಳೆಯಲ್ಲಿ ಅಂಟು ಹಾಕಿದ ಜಾಯಿಂಟು ಹಿಡಿಯುವುದಿಲ್ಲ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಹೋಗುತ್ತದೆ. ಏಳು ದಿನ ತೋಡಿನ ಕೆಂಪು ನೀರನ್ನು ಹೊತ್ತು ತಂದು ಬಟ್ಟೆಯಲ್ಲಿ ಸೋಸಿ ಹಂಡೆಗೆ ತುಂಬಿಸಿದೆವು. ಮನೆಯಲ್ಲಿ ಇಬ್ಬರಿಗೆ ವಾಂತಿಭೇದಿ ಹಿಡಿಯಿತು. ಬಾಣಂತಿಯೂ ಒಬ್ಬಳು. ಸುಳ್ಯದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ದೇವರ ದಯೆಯಿಂದ ಎದ್ದು ಬಂದಳು. ಪೈಪಿನಲ್ಲಿ ಉಳಿಸಿದ ದುಡ್ಡಿನ ಲೆಕ್ಕವನ್ನು ನಾವು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಮಾಡಿದೆವು.

ಎತ್ತರ ಅಳೆಯದೆ ಪೈಪು ಕೊಳ್ಳಬೇಡಿ

ಆ ಪೈಪು ಯಾಕೆ ಒಡೆಯಿತು? ಲೆಕ್ಕ ಬಹಳ ಸುಲಭ. ನೀರು ಹತ್ತು ಮೀಟರ್ ಇಳಿದರೆ ಒಂದು ಕೆ.ಜಿ. ಒತ್ತಡ. ಒಂದು ಕೆ.ಜಿ. ಎಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕೆ.ಜಿ. ಭಾರ. ನಮ್ಮ ಅಬ್ಬಿ ಮನೆಗಿಂತ 70 ಮೀಟರ್ ಎತ್ತರ. ಅಲ್ಲಿಗೆ 7 ಕೆ.ಜಿ. ಆಯಿತಲ್ಲ? ಪೈಪು 4ರದ್ದು. ಹಾಗಾದರೆ ಎರಡು ತಿಂಗಳು ಹೇಗೆ ತಡೆಯಿತು? ನಳ್ಳಿ ಯಾವಾಗಲೂ ಬಿಟ್ಟೇ ಇತ್ತು. ನೀರು ಓಡುತ್ತಿರುವಾಗ ಒತ್ತಡದ ಹೆಚ್ಚಿನ ಪಾಲು ಪೈಪಿನ ಉಜ್ಜುವಿಕೆಯಲ್ಲೇ ಖರ್ಚಾಗುತ್ತದೆ. ಬಂದ್ ಮಾಡಿದ ಕೂಡಲೇ ಪೂರ್ತಿ ಏಳು ಕೆ.ಜಿ. ಕೆಳಗಿನ ಪೈಪಿನ ಮೇಲೆ ಕೂರುತ್ತದೆ. ಗಕ್ಕನೆ ಬಂದ್ ಮಾಡಿದರೆ ಅದರ ಮೇಲೆ ಇನ್ನೊಂದು ಪೆಟ್ಟು. ನಮ್ಮ ಊರಲ್ಲಿ ಒಡೆದ ಎಷ್ಟೋ ಲೈನುಗಳ ಗುಟ್ಟು ಇದೇ.

ಎತ್ತರ ಅಳೆಯಲು ಇಂಜಿನಿಯರು ಬೇಡ. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಟ್ಯೂಬು ಮತ್ತು ಐದಡಿಯ ಕೋಲು ಸಾಕು. ಕೆಳಗಿನಿಂದ ಮೆಟ್ಟಿಲು ಹತ್ತಿದ ಹಾಗೆ ಐದೈದು ಅಡಿ ಗುರುತು ಹಾಕುತ್ತಾ ಹೋಗುವುದು. ನಮ್ಮಲ್ಲಿ 46 ಸಲ ಬಂತು, ಅಂದರೆ 230 ಅಡಿ, 70 ಮೀಟರ್. ಅರ್ಧ ದಿನದ ಕೆಲಸ. ಹಳೆ ಲೈನು ಸೋರದೆ ಗಟ್ಟಿ ಇದ್ದರೆ ಕೆಳಗಿನ ತುದಿಗೆ ಒತ್ತಡದ ಗೇಜು ಸಿಕ್ಕಿಸಿ, ನಿಧಾನ ಬಂದ್ ಮಾಡಿ ನೋಡಿದರೂ ಆದೀತು. ಗೇಜಿನ ಕೆ.ಜಿ.ಯನ್ನು ಹತ್ತರಿಂದ ಗುಣಿಸಿದರೆ ಮೀಟರು.

ಲೆಕ್ಕ ಸಿಕ್ಕಿದ ಮೇಲೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಪೈಪು ತೆಗೆದುಕೊಳ್ಳಿ. ಏಳಕ್ಕೆ ಎಂಟಲ್ಲ, ಹತ್ತು. ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ತೆರೆದ ಸಣ್ಣ ತೊಟ್ಟಿ ಕಟ್ಟಿ. ನೀರು ಅದಕ್ಕೆ ಬಿದ್ದು ಅಲ್ಲಿಂದ ಹೊಸದಾಗಿ ಹೊರಡುತ್ತದೆ. 70 ಮೀಟರಿನ ಒತ್ತಡ 35, 35 ಆಗಿ ಎರಡು ಪಾಲಾಗುತ್ತದೆ. ನಾವು ಕೊನೆಗೆ ಮಾಡಿದ್ದು ಹೀಗೇ. ಎರಡೂ ಪಾಲಿಗೆ 6 ಕೆ.ಜಿ. ಪೈಪು ಧಾರಾಳ ಆಯಿತು. ತೊಟ್ಟಿಯಿಂದ ಉಕ್ಕಿದ ನೀರು ತೋಟದ ಕಣಿಗೆ ಹೋಗುತ್ತದೆ, ಹಾಳಾಗುವುದಿಲ್ಲ. ತೊಟ್ಟಿಗೆ ಮುಚ್ಚಳ ಬೇಕು, ಉಕ್ಕುವ ದಾರಿಯನ್ನು ಮಾತ್ರ ಎಂದೂ ಕಟ್ಟಬಾರದು.

ಯಾವ ಪೈಪು ಎಲ್ಲಿಗೆ

ಜಿ.ಐ. ಪೈಪು ಗಟ್ಟಿ. ಹಳದಿ ಪಟ್ಟಿ ತೆಳು, ನೀಲಿ ಮಧ್ಯಮ, ಕೆಂಪು ದಪ್ಪ. ಬಿಸಿಲು, ಹಾರೆಯ ಪೆಟ್ಟು, ಮುಳ್ಳುಹಂದಿಯ ಹಲ್ಲು ಯಾವುದಕ್ಕೂ ಬಗ್ಗುವುದಿಲ್ಲ. ಆದರೆ ಮುರಕಲ್ಲಿನ ಸೀಮೆಯ ನಮ್ಮ ನೀರು ಮೃದು, ಸ್ವಲ್ಪ ಹುಳಿ ಗುಣದ್ದು. ಅದು ಸತುವಿನ ಲೇಪವನ್ನು ಮೆಲ್ಲಮೆಲ್ಲ ತಿನ್ನುತ್ತದೆ. ನೀರಿನ ಗುಣ ನೋಡದೆ ಪೈಪು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಫ್ಲಿಂಟ್ ಎಂಬ ನಗರ. 2014ರಲ್ಲಿ ಅಲ್ಲಿ ನೀರಿನ ಮೂಲ ಬದಲಿಸಿದರು, ತುಕ್ಕು ತಡೆಯುವ ಮದ್ದು ಹಾಕಲಿಲ್ಲ. ಹಳೆ ಸೀಸದ ಪೈಪಿನಿಂದ ಸೀಸ ಕರಗಿ ಮಕ್ಕಳ ಹೊಟ್ಟೆಗೆ ಹೋಯಿತು. ಅಷ್ಟು ದೊಡ್ಡ ದೇಶದಲ್ಲಿ! ನಮ್ಮಲ್ಲಿ ಜಿ.ಐ. ಬೇಕಾದ್ದು ರಸ್ತೆ ದಾಟುವಲ್ಲಿ, ಬಂಡೆಯ ಮೇಲೆ, ನಳ್ಳಿಯ ಬುಡದಲ್ಲಿ. ಉದ್ದ ಲೈನಿಗೆ ಬೇಡ.

ಪಿವಿಸಿ ಕೆಟ್ಟದ್ದಲ್ಲ. ತುಕ್ಕು ಇಲ್ಲ, ಒಳಗೆ ನುಣುಪು. ಆದರೆ ಬಿಸಿಲಿಗೆ ಬಿದ್ದರೆ ಪೆಡಸಾಗುತ್ತದೆ, ಹೂಳಲೇಬೇಕು. ಅಂಟಿನ ಜಾಯಿಂಟು ಒಣ ದಿನದಲ್ಲೇ ಆಗಬೇಕು. ತುದಿಯ ಬೂರು ಉಜ್ಜಿ, ಒರೆಸಿ, ಎರಡು ಕಡೆಗೂ ಅಂಟು ಹಚ್ಚಿ, ಒತ್ತಿ ಹಿಡಿದು, ಒಂದು ದಿನ ಬಿಟ್ಟು ನೀರು ಬಿಡಬೇಕು. ಕುಡಿಯುವ ನೀರಿಗೆ ಐ.ಎಸ್. 4985 ಎಂದು ಮೈಮೇಲೆ ಬರೆದದ್ದನ್ನೇ ಕೊಳ್ಳಿ. ಪಿವಿಸಿಯಲ್ಲಿ ಸೀಸ ಸೇರಿಸುವುದನ್ನು ನಿಲ್ಲಿಸಲು ಕೇಂದ್ರ ಸರಕಾರ 2021ರಲ್ಲಿ ನಿಯಮವನ್ನೇ ಮಾಡಿದೆ. ಹಳೆ ದಾಸ್ತಾನು, ಹೆಸರಿಲ್ಲದ ಪೈಪು ಅಡಿಗೆಮನೆಗೆ ಬೇಡ.

ಕಪ್ಪು ಎಚ್‌ಡಿಪಿಇ ನಮ್ಮ ಗುಡ್ಡೆಗೆ ಹೇಳಿ ಮಾಡಿಸಿದ್ದು. ಇದರ ದೊಡ್ಡ ಗುಣ ಬಗ್ಗುವುದು. ಇನ್ನೊಂದು ಗುಣ ಜಾಯಿಂಟು ಕಡಿಮೆ. 600 ಮೀಟರಿಗೆ ಆರು ಮೀಟರಿನ ಪಿವಿಸಿ ಹಾಕಿದರೆ ನೂರು ತುಂಡು, 99 ಜಾಯಿಂಟು. ನೂರು ಮೀಟರಿನ ಎಚ್‌ಡಿಪಿಇ ಸುರುಳಿ ಆರು ಸಾಕು, ಐದೇ ಜಾಯಿಂಟು. ಲೈನು ಹೋಗುವುದು ಜಾಯಿಂಟಿನಲ್ಲೇ ತಾನೆ? ಐ.ಎಸ್. 4984 ಎಂಬ ಅಂಕೆ, ಒತ್ತಡದ ದರ್ಜೆ, ಕಂಪೆನಿಯ ಹೆಸರು ಮೈಮೇಲೆ ಇರಬೇಕು. ಹಳೆ ಪ್ಲಾಸ್ಟಿಕ್ ಕರಗಿಸಿ ಮಾಡಿದ ಅಗ್ಗದ ಕಪ್ಪು ಪೈಪು ಮುಟ್ಟಿದರೆ ತರಿತರಿ, ಮೂಸಿದರೆ ವಾಸನೆ. ಅದು ತೋಟದ ಮೂಲೆಗೆ ಸಾಕು.

ಒಂದು ಎಚ್ಚರಿಕೆ. ಇಂಚಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. 32 ಎಂ.ಎಂ. ಎಂದರೆ ಹೊರಗಿನ ಅಳತೆ, ಒಳಗೆ ಸುಮಾರು ಒಂದಿಂಚು. ಉಳಿತಾಯಕ್ಕೆಂದು ಸಪೂರ ಪೈಪು ತರಬೇಡಿ. ಒಳಗಾತ್ರ ಅರ್ಧವಾದರೆ ನೀರು ಅರ್ಧ ಆಗುವುದಲ್ಲ, ಐದಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಮನೆಯೊಳಗೆ ಬಿಸಿನೀರಿಗೆ ಸಾಮಾನ್ಯ ಪಿವಿಸಿ ಆಗದು. ಸೋಲಾರ್ ಇದ್ದವರು ಸಿಪಿವಿಸಿ ಅಥವಾ ಪಿಪಿಆರ್ ಹಾಕಿ.

ಹಾಕುವ ಕ್ರಮ

ಮೊದಲನೆಯದು, ಹಳೆ ಲೈನು ಕಿತ್ತು ಹೊಸತು ಹಾಕುವುದಲ್ಲ. ಹಳತು ಓಡುತ್ತಿರಲಿ. ಪಕ್ಕದಲ್ಲೇ ಹೊಸತು ಎಳೆದು, ಪರೀಕ್ಷೆ ಮಾಡಿ, ಒಂದು ಬೆಳಿಗ್ಗೆ ಬದಲಿಸಿ. ಕೆಲಸ ಮಾರ್ಚಿಯೊಳಗೆ ಮುಗಿಯಲಿ.

ಎಚ್‌ಡಿಪಿಇ ಪೈಪನ್ನು ಹಗ್ಗದ ಹಾಗೆ ಬಿಗಿ ಎಳೆಯಬೇಡಿ. ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಇಪ್ಪತ್ತು ಡಿಗ್ರಿ ವ್ಯತ್ಯಾಸಕ್ಕೆ ನೂರು ಮೀಟರಿನಲ್ಲಿ ಒಂದಡಿಗೂ ಮಿಕ್ಕಿ ಎಳೆತ ಬರುತ್ತದೆ. ಹಾವು ಹರಿದ ಹಾಗೆ ಸಡಿಲ ಬಿಟ್ಟು, ಎರಡಡಿ ಅಗತೆಯಲ್ಲಿ ಕಲ್ಲಿಲ್ಲದ ಮಣ್ಣು ಹಾಸಿ ಹೂಳಿ. ಹೂತರೆ ಹಂದಿ ಕಚ್ಚುವುದಿಲ್ಲ, ಆನೆ ಮೆಟ್ಟಿದರೂ ಉಳಿಯುವ ಆಸೆ ಇದೆ. ಹೂತದ್ದರ ಒಂದು ನಕ್ಷೆ ಬರೆದಿಡಿ. ಇಲ್ಲದಿದ್ದರೆ ಮಗನ ಕಾಲಕ್ಕೆ ಹಾರೆಯೇ ಹುಡುಕಿ ಕೊಡುತ್ತದೆ!

ಜಾಯಿಂಟಿಗೆ ಬೆಂಕಿಯಲ್ಲಿ ಕಾಯಿಸಿ ತುರುಕುವುದು, ಸೈಕಲ್ ಟ್ಯೂಬು ಸುತ್ತುವುದು ನಾವೆಲ್ಲ ಮಾಡಿದ ಕೆಲಸವೇ. ಬೇಡ. ಕಂಪ್ರೆಷನ್ ಫಿಟ್ಟಿಂಗ್ ಹಾಕಿ, ಇಲ್ಲವೇ ಮೆಷಿನಿನಲ್ಲಿ ಬೆಸೆಯಿಸಿ. ಕಾಂಕ್ರೀಟು ಅಂಗಳದ ಅಡಿಯಲ್ಲಿ ಹಳೆ ಎರಡಿಂಚಿನ ಪೈಪು ಇದ್ದರೆ ಒಡೆಯುವ ಅಗತ್ಯವಿಲ್ಲ, ಅದರೊಳಗೆ 32 ಎಂ.ಎಂ. ಎಳೆದುಕೊಳ್ಳಬಹುದು.

ಲೈನು ತಗ್ಗಿಗೆ ಇಳಿಯುವಲ್ಲಿ ಕೆಸರು ಬಿಡುವ ವಾಲ್ವು, ಉಬ್ಬು ಹತ್ತುವಲ್ಲಿ ಗಾಳಿ ಬಿಡುವ ವಾಲ್ವು. ಅಬ್ಬಿಯಲ್ಲಿ ಸೋಸುವ ಜಾಳಿಗೆ. ತೋಡು ದಾಟುವಲ್ಲಿ ನೆರೆಯ ಗುರುತಿನಿಂದ ಮೇಲೆ ಉಕ್ಕಿನ ಹಗ್ಗಕ್ಕೆ ತೂಗು ಹಾಕಿ. 2022ರ ಆಗಸ್ಟ್ ಮೊದಲ ದಿನಗಳಲ್ಲಿ ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರಿನಲ್ಲಿ ನೆರೆ ಎಲ್ಲಿವರೆಗೆ ಬಂದಿತ್ತು ಎಂಬುದು ನಿಮಗೆ ಮರೆತಿರಲಿಕ್ಕಿಲ್ಲ. ಆ ಗುರುತಿನಿಂದ ಮೇಲೆ.

ಪರೀಕ್ಷೆಗೆ ನಳ್ಳಿ ಬಿಟ್ಟು ನಿಧಾನ ನೀರು ತುಂಬಿಸಿ ಗಾಳಿ ಹೋಗಲಿ. ಆಮೇಲೆ ಬಂದ್ ಮಾಡಿ. ಒಂದು ಹಗಲು ರಾತ್ರಿ ಜಾಯಿಂಟುಗಳಿಗೆ ಮಣ್ಣು ಮುಚ್ಚಬೇಡಿ. ಹತ್ತು ನಿಮಿಷಕ್ಕೆ ಒಂದು ಲೀಟರ್ ಸೋರಿದರೆ ದಿನಕ್ಕೆ 144 ಲೀಟರ್. ಕುಡಿಯುವ ಮೊದಲು ಬ್ಲೀಚಿಂಗ್ ಪುಡಿಯ ನೀರು ಒಂದು ರಾತ್ರಿ ನಿಲ್ಲಿಸಿ, ವಾಸನೆ ಹೋಗುವವರೆಗೆ ಹರಿಯ ಬಿಡಿ.

ತಾಯಂದಿರು ಇದನ್ನು ಗಮನಿಸಬೇಕು. ಸೋರುವ ಜಾಯಿಂಟು ನೀರು ಹೊರಗೆ ಬಿಡುವುದು ಮಾತ್ರವಲ್ಲ, ಲೈನು ಖಾಲಿಯಾಗುವಾಗ ಹೊರಗಿನ ಕೆಸರನ್ನು ಒಳಗೆ ಎಳೆಯುತ್ತದೆ. ಅದೇ ರೀತಿ ಬೋರ್ಡೋ ದ್ರಾವಣದ ಡ್ರಮ್ಮಿನಲ್ಲಿ ಪೈಪಿನ ತುದಿ ಮುಳುಗಿಸಿಟ್ಟಿದ್ದು, ಮೇಲೆ ಲೈನು ತಪ್ಪಿದರೆ ಮೈಲುತುತ್ತಿನ ನೀರು ಅಡಿಗೆಮನೆಯ ಲೈನಿಗೇ ಬರಬಹುದು. ಪೈಪು ಯಾವಾಗಲೂ ಡ್ರಮ್ಮಿನ ಬಾಯಿಗಿಂತ ಒಂದು ಗೇಣು ಮೇಲಿರಲಿ. ಪಂಚಾಯತಿನ ನಳ್ಳಿಗೂ ನಿಮ್ಮ ಅಬ್ಬಿ ಲೈನಿಗೂ ನೇರ ಸಂಬಂಧ ಮಾಡಬೇಡಿ. ಒಂದು ಮನೆಯ ಕೆಸರು ಊರಿಗೆಲ್ಲ ಹಂಚಿಕೆಯಾದೀತು.

ಸಂಘದಲ್ಲಿ ಒಂದು ಬಿನ್ನಹ

ಅಡ್ಯನಡ್ಕ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡೆಗೆ ಸುರಂಗ ಕೊರೆದು ನೀರು ತಂದರು, 2022ರಲ್ಲಿ ಪದ್ಮಶ್ರೀ ಬಂತು. ಅಂಥವರಿಗೆ ಕೈಮುಗಿಯಬೇಕು. ಆದರೆ ನಾವೆಲ್ಲ ಅಂಥವರಲ್ಲ. ನಮ್ಮಂಥವರಿಗಾಗಿಯೇ ಅಲ್ಲವೇ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಕೂತು ಜಿಲ್ಲೆಗೆಲ್ಲ ಸಹಕಾರದ ದಾರಿ ತೋರಿಸಿದ್ದು? ಒಂದು ಗೇಜು, ಒಂದು ಮಟ್ಟದ ಟ್ಯೂಬು, ಎಚ್‌ಡಿಪಿಇ ಬೆಸೆಯುವ ಒಂದು ಮೆಷಿನು. ಮನೆಮನೆಗೆ ಕೊಳ್ಳುವ ವಸ್ತುಗಳಲ್ಲ ಇವು. ಸಂಘ ಇಟ್ಟುಕೊಂಡು ಸದಸ್ಯರಿಗೆ ಬಾಡಿಗೆಗೆ ಕೊಟ್ಟರೆ ಸಾಕು. ಹತ್ತು ಮನೆಯವರು ಒಟ್ಟಾಗಿ ಐ.ಎಸ್.ಐ. ಪೈಪು ತರಿಸಿದರೆ ಕ್ರಯದಲ್ಲಿಯೂ ಇಳಿತ ಸಿಕ್ಕೀತು. ರಜತ ಮಹೋತ್ಸವದ ನೆನಪಿಗೆ ಗೋಡೆಯ ಮೇಲಿನ ಕಲ್ಲಿನ ಜೊತೆಗೆ ಇದೂ ಒಂದು ಇರಲಿ ಎಂಬುದು ನಮ್ಮ ಬಿನ್ನಹ.

2010ರಲ್ಲಿ ಹಾಕಿದ ನಮ್ಮ ಕಪ್ಪು ಲೈನು ಇಂದಿಗೂ ಓಡುತ್ತಿದೆ. ಅಂದಿನ ಹನ್ನೆರಡು ದಿನದ ಮಗು ಈಗ ತೊಟ್ಟಿಯ ಜಾಳಿಗೆ ತೊಳೆಯಲು ಗುಡ್ಡೆ ಹತ್ತುವಷ್ಟು ದೊಡ್ಡದಾಗಿದೆ. ಅಂಗಡಿಗೆ ಹೋಗುವ ಮೊದಲು ಗುಡ್ಡೆಗೆ ಹೋಗಿ, ಕ್ರಯ ಕೇಳುವ ಮೊದಲು ಎತ್ತರ ಅಳೆಯಿರಿ.