ಪೇಟಿಯ ಒಳಗೆ ಏನಿದೆ?

ಮಕ್ಕಳೇ, ಒಂದು ಸ್ಕೇಲು ತಗೊಳ್ಳಿ. ಅದರ ಅರ್ಧ ಭಾಗ ಬೆಂಚಿನ ಅಂಚಿನಿಂದ ಆಚೆ ಬರುವ ಹಾಗೆ ಇಟ್ಟು, ಒಳಗಿನ ತುದಿಯನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಈಗ ಹೊರಗಿನ ತುದಿಯನ್ನು ಬೆರಳಿನಿಂದ ಕೆಳಗೆ ಬಗ್ಗಿಸಿ ಬಿಡಿ. ಡುರ್‌ರ್ ಅಂತ ದಪ್ಪ ಸದ್ದು ಬಂತಲ್ಲವೇ? ತುದಿ ಮೇಲೆ ಕೆಳಗೆ ಅಲ್ಲಾಡುವುದೂ ಕಾಣುತ್ತದೆ.

ಈಗ ಸ್ಕೇಲನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡು, ಹೊರಗೆ ನಾಲ್ಕು ಬೆರಳಿನಷ್ಟು ಮಾತ್ರ ಉಳಿಸಿ, ಮತ್ತೆ ಮೀಟಿ. ಸದ್ದು ತೆಳ್ಳಗಾಯಿತು. ಅಲ್ಲಾಟ ಎಷ್ಟು ಜೋರಾಯಿತೆಂದರೆ ಕಣ್ಣಿಗೆ ಬರೀ ಮಸುಕು ಕಾಣುತ್ತದೆ. ಉದ್ದ ಪಟ್ಟಿ ನಿಧಾನವಾಗಿ ಅಲ್ಲಾಡಿ ದಪ್ಪ ದನಿ ಕೊಡುತ್ತದೆ, ಗಿಡ್ಡ ಪಟ್ಟಿ ಬೇಗ ಬೇಗ ಅಲ್ಲಾಡಿ ಸಣ್ಣ ದನಿ ಕೊಡುತ್ತದೆ. ಇಷ್ಟು ಗೊತ್ತಾದರೆ ಹಾರ್ಮೋನಿಯಂನ, ಅಂದರೆ ನಮ್ಮ ಪೇಟಿಯ, ಅರ್ಧ ಗುಟ್ಟು ನಿಮ್ಮ ಕೈಗೆ ಬಂದ ಹಾಗೆಯೇ.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಭಜನೆಗೆ ಕೂತಾಗ ಮಾಸ್ತರರ ಮುಂದೆ ಇರುತ್ತದಲ್ಲ, ಆ ಪೇಟಿಯ ಒಳಗೆ ಹಿತ್ತಾಳೆಯ ಚಿಕ್ಕ ಚಿಕ್ಕ ಪಟ್ಟಿಗಳು ಸಾಲಾಗಿ ಕೂತಿರುತ್ತವೆ. ಅವಕ್ಕೆ ರೀಡ್ ಅನ್ನುತ್ತಾರೆ. ಒಂದು ತುದಿ ಬಿಗಿ, ಇನ್ನೊಂದು ತುದಿ ಬಿಡುವು, ನಿಮ್ಮ ಸ್ಕೇಲಿನಂತೆಯೇ. ಪ್ರತಿ ರೀಡಿನ ಕೆಳಗೆ ಅದರದೇ ಅಳತೆಯ ಒಂದು ಸೀಳು ಇರುತ್ತದೆ.

ಆದರೆ ಇಲ್ಲಿ ಮೀಟುವುದು ಬೆರಳಲ್ಲ, ಗಾಳಿ. ನುಗ್ಗಿ ಬಂದ ಗಾಳಿ ರೀಡನ್ನು ಸೀಳಿನೊಳಕ್ಕೆ ತಳ್ಳುತ್ತದೆ. ಹಿತ್ತಾಳೆ ಸುಮ್ಮನಿರುತ್ತದೆಯೇ? ಚಿಮ್ಮಿ ಹಿಂದಕ್ಕೆ ಬರುತ್ತದೆ. ಗಾಳಿ ಮತ್ತೆ ತಳ್ಳುತ್ತದೆ, ಅದು ಮತ್ತೆ ಚಿಮ್ಮುತ್ತದೆ. ಹೀಗೆ ಸೆಕೆಂಡಿಗೆ 440 ಸಲ ಅಲ್ಲಾಡಿದರೆ ನಮ್ಮ ಕಿವಿಗೆ ಒಂದು ಸ್ವರ ಕೇಳಿಸುತ್ತದೆ. ಸೆಕೆಂಡಿಗೆ 880 ಸಲ ಅಲ್ಲಾಡುವ ರೀಡೂ ಅದೇ ಸ್ವರವನ್ನೇ ಹಾಡುತ್ತದೆ, ಆದರೆ ಒಂದು ಸಪ್ತಕ ಮೇಲೆ.

ಗಾಳಿ ಎಲ್ಲಿಂದ ಬಂತು? ಮಾಸ್ತರರ ಎಡಗೈ ನೋಡಿ. ಹಿಂದಿನ ತಿದಿಯನ್ನು ಅದು ತೆರೆದು ಮುಚ್ಚುತ್ತಲೇ ಇರುತ್ತದೆ. ಆ ಗಾಳಿ ಪೇಟಿಯ ಹೊಟ್ಟೆಯೊಳಗಿನ ಇನ್ನೊಂದು ತಿದಿಗೆ ಹೋಗಿ ತುಂಬಿಕೊಳ್ಳುತ್ತದೆ. ಸ್ಪ್ರಿಂಗು ಆ ಒಳ ತಿದಿಯನ್ನು ಮೆಲ್ಲಗೆ ಅದುಮುತ್ತಿರುವುದರಿಂದ ಕೈ ನಿಂತರೂ ದನಿ ತಟ್ಟನೆ ನಿಲ್ಲುವುದಿಲ್ಲ. ಬಲಗೈ ಒಂದು ಮನೆ, ಅಂದರೆ ಕೀಲಿ, ಒತ್ತಿದಾಗ ಒಳಗೆ ಒಂದು ತೂತಿನ ಮುಚ್ಚಳ ಏಳುತ್ತದೆ, ಗಾಳಿ ಆ ಮನೆಯ ರೀಡಿನ ಪಕ್ಕದಿಂದ ಹರಿಯುತ್ತದೆ, ಅಷ್ಟೇ. ನೋಡುವವರೆಲ್ಲ ಬಲಗೈಯನ್ನೇ ಹೊಗಳುತ್ತಾರೆ. ನನ್ನ ಕೇಳಿದರೆ ಅರ್ಧ ಜಾಣತನ ಎಡಗೈಯಲ್ಲಿದೆ. ದನಿ ಯಾವಾಗ ಉಬ್ಬಬೇಕು, ಯಾವಾಗ ಇಳಿಯಬೇಕು ಎಂಬುದು ಅದರ ಕೆಲಸ.

ಈ ಪೇಟಿ ಹುಟ್ಟಿದ್ದು ಯುರೋಪಿನಲ್ಲಿ. ಅಲ್ಲಿ ಕುರ್ಚಿಯ ಮೇಲೆ ಕೂತು ಕಾಲಿನಿಂದ ಗಾಳಿ ಒತ್ತುತ್ತಿದ್ದರು. ನಾವು ನೆಲಕ್ಕೆ ಕೂತು ಹಾಡುವ ಜನ. 19ನೇ ಶತಮಾನದ ಕೊನೆಯ ಹೊತ್ತಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ಕೈಯಿಂದ ಒತ್ತುವ ಪೆಟ್ಟಿಗೆ ಮಾಡಿಕೊಟ್ಟರು. ಪಿಯಾನೊ ಇದರ ದೊಡ್ಡಣ್ಣನಂತೆ ಕಂಡರೂ ಒಳಗಿನ ಕಥೆ ಬೇರೆ. ಅದರಲ್ಲಿ 88 ಮನೆಗಳು, ಇನ್ನೂರಕ್ಕೂ ಹೆಚ್ಚು ತಂತಿಗಳು. ಮನೆ ಒತ್ತಿದರೆ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಡಿದ ಮೇಲೆ ದನಿ ಕರಗುತ್ತಾ ಹೋಗಲೇಬೇಕು. ಪೇಟಿಗೆ ಗಾಳಿ ಇರುವ ತನಕ ದನಿ ಇರುತ್ತದೆ.

ಈಗ ಗದಗಿಗೆ ಬರೋಣ. ಪುಟ್ಟರಾಜ ಗವಾಯಿಗಳ ಹೆಸರು ನೀವು ಕೇಳಿರುತ್ತೀರಿ. 1914ರಲ್ಲಿ ಹಾನಗಲ್ ಸೀಮೆಯಲ್ಲಿ ಹುಟ್ಟಿದ ಈ ಮಗುವಿಗೆ ಆರು ತಿಂಗಳಿರುವಾಗಲೇ ಕಣ್ಣು ಹೋದವು. ಸೋದರಮಾವನ ಮನೆಯಲ್ಲಿ ಒಂದು ಹಾರ್ಮೋನಿಯಂ ಇತ್ತು. ಹುಡುಗ ಅದರ ಮೇಲೆ ತಾನೇ ರಾಗ ನುಡಿಸುವುದನ್ನು ಕಂಡ ಮಾವ ಅವನನ್ನು ಪಂಚಾಕ್ಷರಿ ಗವಾಯಿಗಳ ಬಳಿ ಬಿಟ್ಟರು. ಆ ಗುರುಗಳಿಗೂ ಕಣ್ಣು ಕಾಣುತ್ತಿರಲಿಲ್ಲ. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಅವರ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಪುಟ್ಟರಾಜರೇ ನೋಡಿಕೊಂಡರು, 2010ರಲ್ಲಿ ತಾವು ತೀರಿಕೊಳ್ಳುವವರೆಗೂ. ಪೇಟಿಯಷ್ಟೇ ಅಲ್ಲ, ಪಿಟೀಲು, ಸಾರಂಗಿ, ತಬಲಾ ಎಲ್ಲ ಅವರ ಕೈಯಲ್ಲಿ ನುಡಿದವು.

ಕಣ್ಣಿಲ್ಲದೆ ಮನೆಗಳು ಸಿಗುವುದು ಹೇಗೆ? ಪೇಟಿಯ ಕರಿ ಮನೆಗಳನ್ನು ನೋಡಿ. ಎರಡು, ಮೂರು, ಎರಡು, ಮೂರು ಎಂದು ಗುಂಪುಗಳಾಗಿವೆ, ಬಿಳಿಯವಕ್ಕಿಂತ ಎತ್ತರಕ್ಕೂ ಇವೆ. ಬೆರಳಿಗೆ ಎರಡರ ಗುಂಪು ಸಿಕ್ಕರೆ ಸಾಕು, ಮಿಕ್ಕ ಸ್ವರಗಳೆಲ್ಲ ಎಲ್ಲೆಲ್ಲಿವೆ ಎಂದು ತಿಳಿದುಬಿಡುತ್ತದೆ. ಗಾಯಕರು "ನನ್ನದು ಕರಿ ಒಂದು" ಅನ್ನುವುದು ಕೇಳಿದ್ದೀರಾ? ಎರಡರ ಗುಂಪಿನ ಮೊದಲ ಕರಿ ಮನೆಯೇ ಅವರ ಷಡ್ಜ, ಅಂದರೆ ‘ಸ’, ಎಂದರ್ಥ. ಕಣ್ಣು ಮುಚ್ಚಿ ನೀವೂ ಹುಡುಕಿ ನೋಡಿ.

ಪೇಟಿಗೆ ಆಗದ ಕೆಲಸವೂ ಒಂದಿದೆ. ಗಾಯಕರ ಕೊರಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ, ಅದಕ್ಕೆ ಮೀಂಡ್ ಅನ್ನುತ್ತಾರೆ. ಪೇಟಿಯ ಎರಡು ರೀಡುಗಳ ನಡುವೆ ಜಾರುವುದಕ್ಕೆ ದಾರಿಯೇ ಇಲ್ಲ. ಈ ಕೊರತೆಯನ್ನೂ ಎತ್ತಿ ತೋರಿಸಿ 1940ರಿಂದ ಸುಮಾರು ಮೂರು ದಶಕ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು! ನಾಟಕ ಕಂಪನಿಗಳು, ಭಜನಾ ಮೇಳಗಳು ಮಾತ್ರ ಕೈಬಿಡಲಿಲ್ಲ. ಪಳಗಿದ ಪೇಟಿ ಮಾಸ್ತರರು ನಡುವಿನ ಮನೆಗಳನ್ನು ಹಗುರಾಗಿ ಸವರಿ, ಗಾಳಿಯನ್ನು ತುಸು ಸಡಿಲಿಸುತ್ತಾರೆ. ನಮ್ಮ ಕಿವಿಯೇ ಸ್ವರಗಳನ್ನು ಕೂಡಿಸಿಕೊಂಡು ಜಾರಿದಂತೆ ಕೇಳುತ್ತದೆ.

ನಿಮ್ಮೂರ ಮಾಸ್ತರರನ್ನು ಕೇಳಿದರೆ ಪೇಟಿ ಬಿಚ್ಚಿ ರೀಡುಗಳನ್ನು ತೋರಿಸಿಯಾರು. ಉದ್ದದವು ಯಾವ ಕಡೆ, ಗಿಡ್ಡವು ಯಾವ ಕಡೆ ಎಂದು ಮೊದಲೇ ಊಹಿಸಿ ಇಟ್ಟುಕೊಳ್ಳಿ. ಬೆರಳು ಮಾತ್ರ ತಾಗಿಸಬೇಡಿ. ತುದಿಯನ್ನು ಚೂರೇ ಕೆರೆದರೂ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಪೇಟಿ ರಿಪೇರಿ ಮಾಡುವವರು ಶ್ರುತಿ ಕೂಡಿಸುವುದೇ ಹಾಗೆ.