ಬಿರುಗಾಳಿಯಲ್ಲಿ ಬುತ್ತಿ ಬಿಚ್ಚಿದವರು



ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳ ವೀರಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ ನೆಲ ನಿಮ್ಮ ಈ ಸೊರಟೂರು. ಯುದ್ಧ, ಬರ, ಬೇನೆ ಈ ಸೀಮೆಗೆ ಹೊಸವಲ್ಲ. ಅಂಥ ಹೊತ್ತಿನಲ್ಲಿ ಕ್ರೈಸ್ತ ವಿಶ್ವಾಸ ಮನುಷ್ಯನಿಗೆ ಏನು ಕೊಡುತ್ತದೆ? ಇಂದಿನ ಮಾತು ಅದರ ಬಗ್ಗೆ.

ಯೇಸು ಗಲಿಲಾಯ ಸಮುದ್ರದ ಬಿರುಗಾಳಿಯನ್ನು ಗದರಿಸಿ ನಿಲ್ಲಿಸಿದ ಪ್ರಸಂಗವನ್ನು ನೀವು ಕೇಳಿದ್ದೀರಿ. ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯದ ಬಿರುಗಾಳಿ ಬೇರೆ. ಅದನ್ನು ಯಾರೂ ನಿಲ್ಲಿಸಲಿಲ್ಲ. ಕೈದಿಯಾಗಿ ರೋಮಿಗೆ ಹೊರಟ ಅಪೊಸ್ತಲ ಪೌಲನ ಹಡಗಿನಲ್ಲಿ 276 ಜನ. ಹದಿನಾಲ್ಕು ದಿನ ಅನ್ನ ಮುಟ್ಟದೆ ಕಂಗೆಟ್ಟಿದ್ದರು. ಬೆಳಗಿನ ಜಾವ ಪೌಲ ರೊಟ್ಟಿ ಕೈಗೆತ್ತಿಕೊಂಡು, ಎಲ್ಲರೆದುರು ದೇವರನ್ನು ಸ್ತುತಿಸಿ, ಮುರಿದು ತಿಂದ. ಅವನನ್ನು ನೋಡಿ ಉಳಿದವರೂ ಉಂಡರು. ಆಮೇಲೆ ಹಡಗು ಒಡೆಯಿತು. ಜನರೆಲ್ಲ ದಡ ಸೇರಿದರು. ಗಾಳಿ ನಿಲ್ಲುವ ತನಕ ಕಾಯದೆ ತಾನು ಉಂಡು, ಪಕ್ಕದವನಿಗೂ ಉಣ್ಣುವ ಧೈರ್ಯ ಕೊಡುವುದು. ಕ್ರೈಸ್ತ ಸಮಾಧಾನವೆಂದರೆ ನನ್ನ ಮಟ್ಟಿಗೆ ಇದೇ.

ನಮ್ಮ ಕಡೆಯೂ ಇದಕ್ಕೆ ಸಾಕ್ಷಿಗಳಿವೆ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಜರ್ಮನ್ ಮಿಶನರಿ ಫರ್ಡಿನಾಂಡ್ ಕಿಟೆಲ್ ಅವರು ಧಾರವಾಡದಲ್ಲಿ ಕನ್ನಡ ಕಲಿತರು. 1860ರಲ್ಲಿ ಕೈಹಿಡಿದ ಪೌಲೀನಾ 1864ರಲ್ಲಿಯೇ ತೀರಿಕೊಂಡರು. ಮುಂದೆ ಕಿಟೆಲ್‌ರ ಕಣ್ಣೂ ಮಂಜಾಯಿತು. ಅವರ ಒಡಲಿನ ಅಳಲನ್ನು ನಾವು ಅಳೆಯಲಾರೆವು. ಕೆಲಸವನ್ನು ಅವರು ಬಿಡಲಿಲ್ಲವೆಂಬುದಕ್ಕೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಸಾಕ್ಷಿ. ಆ ಶೋಕದ ಫಲವನ್ನು ಎಲ್ಲ ಜಾತಿ-ಮತಗಳ ಕನ್ನಡಿಗರೂ ಇಂದಿಗೂ ಉಣ್ಣುತ್ತಿದ್ದೇವೆ.

ಕಿಟೆಲ್‌ರಿಗಿಂತ ಮೊದಲೇ ಮಿಶನ್ ಈ ಸೀಮೆಯ ಬೆಟಗೇರಿಗೆ ಕಾಲಿಟ್ಟಿತ್ತು. 1876-78ರ ಭೀಕರ ಬರದಲ್ಲಿ ಪ್ರಾರ್ಥನೆಯಿಂದ ಮಳೆ ಬಂತೆಂದು ನಾನು ಹೇಳುವುದಿಲ್ಲ. ಅಲ್ಲಿ ತಬ್ಬಲಿ ಮಕ್ಕಳಿಗೆ ಮಿಶನ್ ಆಶ್ರಯ ಕೊಟ್ಟಿತು ಎಂಬುದು ಮಾತ್ರ ಖರೆ. 1914ರ ಮಹಾಯುದ್ಧದಲ್ಲಿ ಇಂಗ್ಲಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟಾಗ, ಪರದೇಶದ ಹಣದ ದಾರಿ ಕಟ್ಟಿತು. ಆಗ ಸಭೆಗಳನ್ನು ಹೊತ್ತು ನಡೆದವರು ಈ ಮಣ್ಣಿನ ಸಭಾಪಾಲಕರು, ಉಪದೇಶಿಗಳು. ಅವರ ಹೆಸರುಗಳು ನಿಘಂಟಿನ ಮೇಲೆ ಅಚ್ಚಾಗಲಿಲ್ಲ. ವಿಶ್ವಾಸದಲ್ಲಿ ಅವರು ಕಿಟೆಲ್‌ರಿಗೆ ಕಡಿಮೆಯವರಲ್ಲ.

ದುಃಖಿಯ ಎದುರು ನಿಂತು “ನಿನಗೆ ವಿಶ್ವಾಸ ಸಾಲದು” ಎನ್ನುವವರು ಎಲ್ಲ ಮತಗಳಲ್ಲೂ ಇದ್ದಾರೆ. ಪೌಲ ಹಾಗೆ ಅನ್ನಲಿಲ್ಲ, ರೊಟ್ಟಿ ಮುರಿದ. ಬೆಳೆ ಹೋದವರ, ಸಾಲದಲ್ಲಿ ಬಿದ್ದವರ, ಮಗನನ್ನು ಕಳೆದುಕೊಂಡವರ ಮನೆಗೆ ಹೋದಾಗ ನೀವೂ ಮೊದಲು “ಊಟ ಆತೇನ್ರೀ?” ಎಂದು ಕೇಳಿರಿ. ಉಪದೇಶ ಆಮೇಲೆ ಹೇಳಿದರಾಯಿತು.