ಹಿತ್ತಲಿಗೆ ಬಂದ ಹಾವು

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಬೀದಿಯ ಕೊನೆಯ ಮನೆಯಿಂದ "ಹಾವು, ಹಾವು" ಎಂಬ ಕೂಗೆದ್ದಿತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆರಡಿಗೂ ಮಿಕ್ಕಿದ ಹಾವೊಂದು ಬಚ್ಚಲಿನ ಹಿಂದೆ ಸತ್ತುಬಿದ್ದಿತ್ತು. ದೊಣ್ಣೆ ಹಿಡಿದವರು ನಾಗರಹಾವನ್ನೇ ಕೊಂದೆವೆಂದು ಬೀಗುತ್ತಿದ್ದರು. ಸತ್ತದ್ದು ಕೇರೆ. ಅದಕ್ಕೆ ಹೆಡೆಯೂ ಇಲ್ಲ, ವಿಷವೂ ಇಲ್ಲ. ಅದು ಬಂದದ್ದು ಆ ಮನೆಯ ಇಲಿಗಳನ್ನು ಅರಸಿಕೊಂಡು. ಹಾವು ಹೋಯಿತು, ಇಲಿಗಳು ಅಲ್ಲೇ ಉಳಿದವು.

ಹಾವಿಗೆ ಹೆದರಬೇಡಿರೆಂದು ನಾನು ಹೇಳಲಾರೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಮಂದಿ ಹಾವು ಕಚ್ಚಿ ಸತ್ತರೆಂದು ಅಂದಾಜು. ಆದರೆ ಹೆದರಿಕೆಗೆ ಕಣ್ಣಿರಬೇಕು. ಈ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ನಾಲ್ಕೇ ಜಾತಿ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಹೆಡೆ ಬಿಚ್ಚಿದರೆ ನಾಗರವೆಂದು ಮಕ್ಕಳೂ ಬಲ್ಲರು. ಮಿರುಗುವ ಕಪ್ಪು ಮೈಮೇಲೆ ಸಣ್ಣ ಬಿಳಿಯ ಪಟ್ಟೆಗಳಿದ್ದರೆ ಕಟ್ಟುಹಾವು. ದಪ್ಪ ಮೈ, ಬೆನ್ನಿನುದ್ದಕ್ಕೂ ಸರಪಳಿಯಂತಹ ಮಚ್ಚೆ ಇದ್ದರೆ ಕೊಳಕುಮಂಡಲ. ಗರಗಸಮಂಡಲ ಗಾತ್ರದಲ್ಲಿ ಚಿಕ್ಕದು. ಕೆಣಕಿದರೆ ಮೈಯ ಹುರುಪೆಗಳನ್ನು ಉಜ್ಜಿ ಗರಗರ ಸದ್ದು ಮಾಡುತ್ತದೆ. ಗುರುತಿನಲ್ಲಿ ಸಂದೇಹ ಬಂದರೆ ವಿಷದ್ದೆಂದೇ ತಿಳಿದು ದೂರವಿರುವುದು ಜಾಣತನ.

ಹಾವು ನಮ್ಮ ಮೇಲಿನ ಹಗೆಯಿಂದ ಬರುವುದಿಲ್ಲ, ಹಾಲಿಗಾಗಿಯೂ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಇಲಿ, ಕಪ್ಪೆ, ಅಡಗಲೊಂದು ತಂಪಾದ ಎಡೆ. ಇವನ್ನು ಒದಗಿಸುವವರು ನಾವೇ. ಗೋಡೆಗೆ ಒರಗಿಸಿದ ಸೌದೆ, ಹಳೆಯ ಹೆಂಚಿನ ರಾಶಿ, ಒಣಗಿದ ತೆಂಗಿನ ಗರಿ, ರಾತ್ರಿಯಿಡೀ ಅಂಗಳದಲ್ಲಿ ಬಿದ್ದಿರುವ ಎಂಜಲು, ಚೆಲ್ಲಿದ ಕೋಳಿಯ ಕಾಳು – ಇವೆಲ್ಲ ಮೊದಲು ಇಲಿಗೆ ಆಹ್ವಾನ, ಆಮೇಲೆ ಹಾವಿಗೆ. ರಾಶಿಗಳನ್ನು ಮನೆಯಿಂದ ದೂರವಿಡಿ. ಬಾಗಿಲಡಿಯ ಸಂದು, ಗೋಡೆಯ ಬಿರುಕುಗಳನ್ನು ಮುಚ್ಚಿಸಿ. ಬಚ್ಚಲ ತೂಬಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಬೆಳ್ಳುಳ್ಳಿ, ಫಿನೈಲುಗಳನ್ನು ನಂಬಿ ಕೂರುವಂತಿಲ್ಲ. ಕತ್ತಲಲ್ಲಿ ಹಿತ್ತಲಿಗೆ ಹೋಗುವಾಗ ಕೈಯಲ್ಲಿ ಬ್ಯಾಟರಿ ಇರಲಿ, ಕಾಲಲ್ಲಿ ಚಪ್ಪಲಿ ಇರಲಿ.

ಕಟ್ಟುಹಾವಿನ ವಿಷಯದಲ್ಲಿ ಇನ್ನೊಂದು ಮಾತುಂಟು. ಅದು ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರ ಹಾಸಿಗೆಗೂ ಬರುವುದುಂಟು. ಕಚ್ಚಿದರೆ ನೋವಾಗಲಿ ಬಾವಾಗಲಿ ಹೆಚ್ಚಾಗಿ ಕಾಣದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆಗಳು ಜೋಲತೊಡಗಿದರೆ ಅಜೀರ್ಣವೆಂದು ಕಷಾಯ ಕುಡಿಸುತ್ತ ಕೂರಬಾರದು. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸುವುದು ಸೊಳ್ಳೆಗೂ ಹಾವಿಗೂ ಒಂದೇ ಬೇಲಿ.

ಹಾವು ಮನೆಯೊಳಗೇ ಬಂದರೆ? ಮಕ್ಕಳನ್ನೂ ನಾಯಿಯನ್ನೂ ಆಚೆ ಕಳಿಸಿ. ದೂರ ನಿಂತು ಅದರ ಮೇಲೆ ಕಣ್ಣಿಡಿ. ಹೊರಗೆ ಹೋಗಲು ದಾರಿಯಿದ್ದರೆ ಹೋಗಗೊಡಿ. ಇಲ್ಲವೆ ಅರಣ್ಯ ಇಲಾಖೆಗೋ ಪಳಗಿದ ಹಾವು ಹಿಡಿಯುವವರಿಗೋ ತಿಳಿಸಿ. ಕೊಲ್ಲಹೋದವರೂ ಹಿಡಿಯಹೋದವರೂ ಕಚ್ಚಿಸಿಕೊಳ್ಳುವುದುಂಟು. ಅಲ್ಲದೆ ನಾಗರಕ್ಕೂ ಕೇರೆಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು.

ಕಚ್ಚಿದರೆ ಮಾತ್ರ ಒಂದೇ ದಾರಿ, ಆಸ್ಪತ್ರೆ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆಯಿರಿ. ಕಚ್ಚಿದ ಕೈಯನ್ನೋ ಕಾಲನ್ನೋ ಮೂಳೆ ಮುರಿದಾಗ ಮಾಡುವಂತೆ ಅಲುಗದ ಹಾಗೆ ಇರಿಸಿ. ರೋಗಿಯನ್ನು ನಡೆಸದೆ, ಧೈರ್ಯ ಹೇಳುತ್ತ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಕರೆದೊಯ್ಯಿರಿ. ಅಲ್ಲಿ ಕೊಡುವ ವಿಷನಿವಾರಕ ಚುಚ್ಚುಮದ್ದು ಈ ನಾಲ್ಕೂ ಜಾತಿಗಳ ವಿಷಕ್ಕಾಗಿ ತಯಾರಾದದ್ದು. ಹಾವು ಯಾವುದೆಂದು ಹುಡುಕುತ್ತ ಹೊತ್ತು ಕಳೆಯಬೇಕಿಲ್ಲ. ಮಂತ್ರದಿಂದ ಬದುಕಿದವರ ಕಥೆಗಳನ್ನು ನೀವೂ ಕೇಳಿದ್ದೀರಿ. ವಿಷವಿಲ್ಲದ ಹಾವು ಕಚ್ಚಿದಾಗಲೂ, ವಿಷದ ಹಾವು ವಿಷವಿಳಿಸದೆ ಕಚ್ಚಿದಾಗಲೂ ಯಾವ ಮಂತ್ರವಾದರೂ ಫಲಿಸೀತು. ವಿಷ ನಿಜವಾಗಿ ಏರಿದ ದಿನ ಅಲ್ಲಿ ಕಳೆದ ಗಂಟೆ ಮರಳಿ ಬಾರದು.

ಆ ಕೊನೆಯ ಮನೆಯವರು ಈ ಬೇಸಗೆಯಲ್ಲಿ ಬಚ್ಚಲಿನ ಹಿಂದಿನ ಸೌದೆರಾಶಿಯನ್ನು ತೆಗೆಸಿದರು. ಅದರಡಿ ಇಲಿಬಿಲಗಳು ಏಳಿದ್ದವು. ದೊಣ್ಣೆ ಎತ್ತುವುದಕ್ಕಿಂತ ಒಂದು ವರ್ಷ ಮೊದಲೇ ಆಗಬೇಕಿದ್ದ ಕೆಲಸ ಅದು. ನಮ್ಮ ಹಿತ್ತಲುಗಳಲ್ಲಿ ಈ ಮಳೆಗಾಲಕ್ಕೆ ಮುನ್ನವೇ ಆಗಲಿ.